ಮೂರನೇ ಸುತ್ತಿನ ಉಪ್ಪು

ಆಗ ನನಗೆ ಅರವತ್ತೊಂಬತ್ತು. ಇದು ಆಧಾರ್ ಕಾರ್ಡಿನ ಮಾತು. ನನ್ನ ಲೆಕ್ಕಕ್ಕೆ ಇನ್ನೆರಡು ಸೇರಿಸಬೇಕು. ಇದೆಲ್ಲ ನಡೆದು ಮೂರು ವರ್ಷವಾಯಿತು.

ನಾವು ಬ್ಯಾಡಗಿಯವರು. ನಲವತ್ತು ವರ್ಷ ನಾನು ಮೆಣಸಿನಕಾಯಿಯ ತೊಟ್ಟು ಮುರಿದಿದ್ದೇನೆ. ಬೆಳಿಗ್ಗೆ ರಾಶಿಯ ಮುಂದೆ ಕುಂತರೆ ಹೊತ್ತು ಮುಳುಗಿದ ಮೇಲೆ ಏಳುವುದು. ಹಾಗಾಗಿ ದಣಿವಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ತಿಳಿದಿದ್ದೆ. ಕೆಲಸ ಹೆಚ್ಚಾದರೆ ದಣಿವು, ಕೂತರೆ ಆರಾಮ, ಅಷ್ಟೇ. ಆ ತಿಳಿವಳಿಕೆಯನ್ನು ಸುಳ್ಳು ಮಾಡಿದವಳು ನನ್ನ ಸೊಸೆ.

ಅವಳಿಗೆ ಆಗ ಮೂವತ್ತೊಂಬತ್ತು. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕೆಲಸ. ಹೆಣ್ಣುಮಕ್ಕಳು ಹೊಲದಲ್ಲಿ ಕೂತು ಒಂದು ಹೂವಿನ ಹುಡಿಯನ್ನು ಇನ್ನೊಂದು ಹೂವಿಗೆ ಮುಟ್ಟಿಸುತ್ತಾರೆ, ಅದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಇವಳು ಊರೂರಿನ ಹೊಲ ಸುತ್ತಿ ಅದನ್ನು ನೋಡಿಕೊಳ್ಳುವವಳು. ಬಸ್ಸು ಹೋಗದ ಹೊಲಗಳಿಗೆ ಸೈಕಲ್ಲಿನ ಮೇಲೆ ಹೋಗುತ್ತಿದ್ದಳು. ಹೋಗುತ್ತಾ ಹೋಗುತ್ತಾ ಅದೇ ಹುಚ್ಚಾಯಿತು. ನನ್ನ ಮಗ ಟೆಂಪೋ ಓಡಿಸುತ್ತಾನೆ, ತಿಂಗಳಲ್ಲಿ ಹದಿನೈದು ದಿನ ಹೊರಗೇ. ಅವನು ಬೇಡ ಅನ್ನಲಿಲ್ಲ. ನಾನು ಅಂದೆ. ಅವಳು ಕೇಳಲಿಲ್ಲ.

ರಾಣೆಬೆನ್ನೂರಿನಲ್ಲಿ ಸೈಕಲ್ ತುಳಿಯುವವರ ಒಂದು ಗುಂಪಿದೆ. ಅಂಗಡಿಯವರು, ಮಾಸ್ತರರು, ದವಾಖಾನೆಯವರು. ವರ್ಷಕ್ಕೊಮ್ಮೆ ಅವರು ಮುನ್ನೂರು ಕಿಲೋಮೀಟರ್ ತುಳಿಯುತ್ತಾರೆ. ರಾಣೆಬೆನ್ನೂರಿನಿಂದ ಹೊರಟು ಬ್ಯಾಡಗಿ, ಹಾವೇರಿ, ಗುತ್ತಲ ಹಾದು ತಿರುಗಿ ರಾಣೆಬೆನ್ನೂರು. ಇದು ಒಂದು ಸುತ್ತು. ಇಂಥವು ಮೂರು. ಸಂಜೆ ಐದಕ್ಕೆ ಬಿಟ್ಟರೆ ಮರುದಿನ ಮಧ್ಯಾಹ್ನ ಒಂದರೊಳಗೆ ಮುಗಿಸಬೇಕು. ಮೊದಲು ಬಂದವರಿಗೆ ಏನೂ ಇಲ್ಲ. ಒಂದು ನಿಮಿಷ ತಡವಾದವರೂ ಮುಗಿಸಿದವರ ಪಟ್ಟಿಯಲ್ಲಿ ಇಲ್ಲ. ದಾರಿಯ ಒಂದೊಂದು ಊರಿನಲ್ಲಿ ಒಬ್ಬರು ಕುಂತು, ಹಾದು ಹೋದದ್ದಕ್ಕೆ ಗುರುತಾಗಿ ಕಾರ್ಡಿಗೆ ಠಸ್ಸೆ ಒತ್ತುತ್ತಾರೆ. ಮನೆಯವರು ಊಟ ಕೊಡುವುದಿದ್ದರೆ ಅಲ್ಲಿ ಮಾತ್ರ.

ನನ್ನ ಸೊಸೆ ಎರಡು ವರ್ಷ ಅರ್ಧಕ್ಕೆ ಬಿಟ್ಟು ಬಂದಿದ್ದಳು.

ಮೊದಲನೇ ವರ್ಷ ಹೊಟ್ಟೆ ಹಗುರಿದ್ದರೆ ಸೈಕಲ್ಲೂ ಹಗುರ ಎಂದುಕೊಂಡು ಸರಿಯಾಗಿ ಏನೂ ತಿನ್ನದೆ ಹೋದಳು. ಎರಡನೇ ಸುತ್ತಿನಲ್ಲಿ ಹಾವೇರಿ ದಾಟಿದ ಮೇಲೆ ರಸ್ತೆ ಪಕ್ಕ ಕೂತುಬಿಟ್ಟಳಂತೆ. ಯಾರೋ ಬಾಳೆಹಣ್ಣು ಕೊಟ್ಟರು. ಅದನ್ನು ಸುಲಿಯುವುದು ಹೇಗೆ ಎಂದು ತಿಳಿಯದೆ ಅತ್ತಳಂತೆ. ದಿನಕ್ಕೆ ಸಾವಿರ ಹೂವು ಬಿಡಿಸಿ ನೋಡುವ ಕೈ ಅದು. ಒಂದು ಬಾಳೆಹಣ್ಣು ಸುಲಿಯಲಾಗಲಿಲ್ಲ ಎಂದರೆ ನಾನು ನಂಬಲಿಲ್ಲ.

ಎರಡನೇ ವರ್ಷ ಚೆನ್ನಾಗಿ ತಿಂದಳು. ಆದರೆ ಅದಕ್ಕೆ ಮುಂಚಿನ ಎರಡು ರಾತ್ರಿ ಹೊಲದ ಕೆಲಸದಲ್ಲಿ ನಿದ್ದೆ ಇರಲಿಲ್ಲ. ಗುತ್ತಲದ ಹತ್ತಿರ ರಸ್ತೆ ತುಂಬ ಎಮ್ಮೆಗಳು ಮಲಗಿದ್ದು ಕಂಡು ಬ್ರೇಕ್ ಹಿಡಿದು ಗಟಾರಕ್ಕೆ ಬಿದ್ದಳು. ಹಿಂದೆ ಬಂದವರು ಎಬ್ಬಿಸಿ ನೋಡಿದರೆ ಒಂದು ಎಮ್ಮೆಯೂ ಇಲ್ಲ.

"ಕಾಲು ನೋಯ್ತಾವೇನ?" ಎಂದು ಮನೆಗೆ ಬಂದಾಗ ಕೇಳಿದೆ.

"ಕಾಲಿಗೆ ಏನೂ ಆಗಿಲ್ರಿ ಅತ್ತಿ. ಎರಡೂ ಸಲ ಕಾಲು ಇನ್ನಾ ತುಳೀತೇವಿ ಅನ್ನಾಕತ್ತಿದ್ದವು. ಸೋತದ್ದು ಬ್ಯಾರೆ ಏನೋ."

ಮಾತು ನನಗೆ ಹಿಡಿಸಲಿಲ್ಲ, ಆದರೆ ತಲೆಯೊಳಗೆ ಉಳಿಯಿತು. ಮೆಣಸಿನಕಾಯಿಯ ರಾಶಿಯ ಮುಂದೆ ನಮ್ಮ ಬೆರಳು ಮೊದಲು ಸೋತದ್ದು ನೆನಪಿಲ್ಲ. ಮೊದಲು ಸೋಲುತ್ತಿದ್ದುದು ಗಂಟಲು, ಕಣ್ಣು. ಆಮೇಲೆ ಬೇಜಾರು. ಬೆರಳು ತನ್ನಷ್ಟಕ್ಕೆ ತೊಟ್ಟು ಮುರಿಯುತ್ತಲೇ ಇರುತ್ತಿತ್ತು.

ಮೂರನೇ ವರ್ಷ ಹೊರಡುವುದಕ್ಕೆ ಎರಡು ವಾರ ಮುಂಚೆ ಅವಳು ಸೈಕಲ್ ಒರೆಸುತ್ತಾ ಅಂದಳು: "ಈ ಸಲ ಆಗಲಿಲ್ಲಂದ್ರ ಮಾರಿಬಿಡ್ತೇನ್ರಿ. ಓಣ್ಯಾಗಿನ ಮಂದಿ ಮಾತು ಕೇಳಿ ಕೇಳಿ ಸಾಕಾಗೇತಿ."

ಓಣಿಯ ಮಂದಿ ಅಂದದ್ದನ್ನೆಲ್ಲ ನಾನೂ ಅಂದಿದ್ದೆ. ಆದರೂ ಆ ಸೈಕಲ್ ಇಲ್ಲದ ಮನೆಯಲ್ಲಿ ಅವಳು ಹೇಗಿರುತ್ತಾಳೆ ಎಂದು ನೆನೆಸಿಕೊಂಡರೆ ಸರಿ ಕಾಣಲಿಲ್ಲ. ಅದಕ್ಕೆ ನಮ್ಮ ಊರ ದೇವಿಗೆ ಹರಕೆ ಹೊತ್ತೆ. ಇವಳು ಮುಗಿಸುವ ತನಕ ನಾನು ಉಪ್ಪು ಮುಟ್ಟುವುದಿಲ್ಲ. ನಮ್ಮ ಕಡೆ ಉಪ್ಪು ಬಿಡುವುದು ಹೊಸದಲ್ಲ. ನಮ್ಮವ್ವ ಬಿಟ್ಟಿದ್ದಳು, ನಾನೂ ಮಗನಿಗೆ ಜ್ವರ ಬಂದಾಗ ಬಿಟ್ಟಿದ್ದೆ. ಹರಕೆ ನನ್ನದು ಒಬ್ಬಳದು. ಆದರೆ ಮನೆಯಲ್ಲಿ ಒಲೆ ಒಂದೇ, ಬೇಳೆಯ ಗಡಿಗೆಯೂ ಒಂದೇ. ಮಗ ಊರಲ್ಲಿ ಇರಲಿಲ್ಲ. ನಾನು ಸಪ್ಪೆ ಅಡಿಗೆ ಮಾಡಿದೆ. ಅವಳು ಮೇಲೆ ಉಪ್ಪು ಹಾಕಿಕೊಳ್ಳುತ್ತಾಳೆ ಎಂದು ತಿಳಿದು ತಾಟಿನ ಕಡೆ ನೋಡಲಿಲ್ಲ. ಎರಡು ವಾರ ನೋಡಲಿಲ್ಲ. ಅದೇ ನನ್ನ ತಪ್ಪು.

ಏಪ್ರಿಲ್ ತಿಂಗಳು. ಶನಿವಾರ ಸಂಜೆ ಬಿಟ್ಟರು. ಬ್ಯಾಡಗಿಯ ಠಸ್ಸೆಯ ಜಾಗ ನಮ್ಮ ಮನೆಯಿಂದ ದೂರವಲ್ಲ, ಮಾರ್ಕೆಟ್ಟಿನ ದಾರಿಯಲ್ಲಿ ಒಂದು ಚಹಾದ ಅಂಗಡಿಯ ಮುಂದೆ, ಬೇವಿನ ಗಿಡದ ಕೆಳಗೆ. ರಿಟೈರಾದ ಪಿಟಿ ಮಾಸ್ತರರು ಒಬ್ಬರು ಕುರ್ಚಿ ಹಾಕಿಕೊಂಡು ಕುಂತಿದ್ದರು. ಸಂಜೆ ಮೊದಲನೇ ಸುತ್ತಿನಲ್ಲಿ ಸೊಸೆ ನಗುತ್ತಾ ಬಂದಳು, ನಾನು ಮಾಡಿದ ಸಪ್ಪೆ ಚಪಾತಿ ಎರಡು ತಿಂದು ಹೋದಳು. ಎರಡನೇ ಸುತ್ತು ನಾನು ನೋಡಲಿಲ್ಲ. ಮನೆಗೆ ಹೋಗಿ ಮಲಗಿದ್ದೆ, ನಿದ್ದೆಯೂ ಬಂತು.

ಭಾನುವಾರ ಏಳು ಗಂಟೆಗೆ ಮತ್ತೆ ಹೋಗಿ ಕುಂತೆ. ಬಂದವರನ್ನು ನೋಡಿದೆ. ಒಬ್ಬರಿಗೂ ನಿನ್ನೆಯ ಮುಖ ಇರಲಿಲ್ಲ. ಕರೀ ಅಂಗಿಗಳ ಬೆನ್ನ ಮೇಲೆ ಬೆವರು ಒಣಗಿ ಬಿಳೀ ಗೆರೆ ಮೂಡಿದ್ದವು, ಕೆರೆಯ ನೀರು ಇಂಗಿದ ಮೇಲೆ ದಂಡೆಯಲ್ಲಿ ಮೂಡುವ ಹಾಗೆ. ಮಾರ್ಚಿನಲ್ಲಿ ನಮ್ಮ ಕುಪ್ಪಸಗಳೂ ಹಾಗೇ ಆಗುತ್ತಿದ್ದವು.

ಸೊಸೆ ಏಳೂವರೆಗೆ ಬರಬೇಕಿತ್ತು. ಎಂಟೂಕಾಲಿಗೆ ಬಂದಳು. ಸೈಕಲ್ ನೆಟ್ಟಗೆ ಬರುತ್ತಿರಲಿಲ್ಲ. ಇಳಿದವಳು ಕಾರ್ಡು ಎಲ್ಲಿಟ್ಟಿದ್ದೇನೆ ಎಂದು ಮೂರು ಸಲ ಕೇಳಿದಳು. ಅದು ಕೊರಳಲ್ಲೇ ನೇತಾಡುತ್ತಿತ್ತು.

"ತಲಿ ಒಡೀತೈತ್ರಿ. ಹೊಟ್ಟಿ ತೊಳಸ್ತೈತಿ," ಅಂದಳು.

ಮಾಸ್ತರರು ಬಾಟಲಿ ಹಿಡಿದುಕೊಂಡು ಓಡಿ ಬಂದರು. "ಬಿಸಿಲಿಗೆ ಮೈಯಾಗಿನ ನೀರು ಕಡಿಮಿ ಆಗೇತ್ರಿ ಅವ್ವಾರ. ಪೂರಾ ಕುಡಸ್ರಿ ಇದನ್ನ."

ನಾನೂ ಕುಡಿಸುವವಳೇ ಇದ್ದೆ. ಬಾಟಲಿ ಕೊಡುವಾಗ ಅವಳ ಕೈ ಹಿಡಿದೆ. ಬಳೆಗಳು ಅಲ್ಲಾಡಲಿಲ್ಲ. ಮೊನ್ನೆ ಗಲಗಲ ಅನ್ನುತ್ತಿದ್ದ ಬಳೆಗಳು ಮಣಿಕಟ್ಟಿನಲ್ಲಿ ಹೂತು ಕುಂತಿದ್ದವು. ಬೆರಳು ಊದಿದ್ದವು. ಮುಖ ನೋಡಿದೆ, ರೆಪ್ಪೆಯೂ ಊದಿತ್ತು. ನೀರು ಕಡಿಮೆಯಾದ ಮೈ ಒಣಗಬೇಕು, ಊದುವುದು ಯಾಕೆ?

"ಎಷ್ಟು ನೀರು ಕುಡದಿ?"

"ಭಾಳ ಕುಡದೇನ್ರಿ. ಗುತ್ತಲದ ಹತ್ರ ನಮ್ಮ ಹೊಲದ ಹೆಣ್ಣಮಕ್ಕಳು ನಿಂತಿದ್ರು. ಬೆಲ್ಲ ನೀರು ಕೊಟ್ರು. ಒಬ್ಬಾಕಿದು ಕುಡದು ಒಬ್ಬಾಕಿದು ಬಿಡಾಕ ಬರ್ತದೇನ್ರಿ? ಐದು ತಂಬಗಿ ಆತು."

"ಎಷ್ಟು ಸಲ ಉಚ್ಚಿಗೆ ಹೋದಿ?"

ಮಾಸ್ತರರು ಗಿಡದ ಮೇಲಿನ ಕಾಗೆ ನೋಡತೊಡಗಿದರು.

"ಬೆಳಗ್ಗಿಂದ ನಾಕು ಸಲ."

ನೀರಿನ ಕೊರತೆ ಅಲ್ಲ ಅಂತಾಯಿತು. ಅವಳನ್ನು ತಿರುಗಿಸಿ ಬೆನ್ನು ನೋಡಿದೆ. ಎಲ್ಲರ ಅಂಗಿಯ ಮೇಲೆ ಬಿಳೀ ಗೆರೆ ಇದ್ದವು. ಇವಳ ಕರೀ ಅಂಗಿ ತೊಯ್ದಿತ್ತು, ಒಣಗಿತ್ತು, ಕರ್ರಗೇ ಇತ್ತು. ಒಂದು ಗೆರೆ ಇಲ್ಲ. ಬೆವರಿನಲ್ಲಿ ಹೋಗಲಿಕ್ಕೂ ಆ ಮೈಯೊಳಗೆ ಉಪ್ಪು ಇರಲಿಲ್ಲ.

ಅವಳನ್ನು ಮತ್ತೆ ನನ್ನ ಕಡೆ ತಿರುಗಿಸಿದೆ.

"ಉಪ್ಪು ಯಾವಾಗಿಂದ ತಿಂದಿಲ್ಲ ನೀ?"

ಅವಳು ಕೊರಳಿನ ಕಾರ್ಡು ಸರಿಮಾಡಿಕೊಂಡಳು. ಆಮೇಲೆ ಅಂದಳು: "ನೀವು ಬಿಟ್ಟಾಗಿಂದ."

"ಹರಕಿ ನಂದವ್ವಾ. ನಿನಗ ಯಾರು ಬಿಡು ಅಂದ್ರು?"

"ನನ್ನ ಸಲುವಾಗಿ ನೀವು ಸಪ್ಪಿ ಉಣ್ಣೂದು, ನಾ ನಿಮ್ಮ ಮುಂದ ಕುಂತು ಉಪ್ಪು ಹಚ್ಚಿಕೊಂಡು ತಿನ್ನೂದು ಚಂದ ಇರ್ತಿತ್ತೇನ್ರಿ?"

"ನಿಮ್ಮ ಗುಂಪಿನವರು ದವಾಖಾನಿ ಪುಡಿ ಕೊಟ್ಟಿದ್ರಲ್ಲ, ನೀರಿಗೆ ಹಾಕೂದು?"

"ಅದರಾಗೂ ಉಪ್ಪು ಐತ್ರಿ. ಹರಕಿ ಮುರಿಯೂದು ಬ್ಯಾಡಂತ ಚೀಲದಾಗ ಹಂಗ ಇಟ್ಟೇನಿ."

ಮಾಸ್ತರರು ತಲೆಯ ಮೇಲೆ ಕೈ ಇಟ್ಟುಕೊಂಡರು. ನಾನೂ ಬೈಯಬೇಕೆಂದು ಬಾಯಿ ತೆರೆದೆ. ಬೈಯುವುದಾದರೆ ಯಾರಿಗೆ? ಇಡೀ ರಾತ್ರಿ ಅವಳು ಇನ್ನೂರು ಕಿಲೋಮೀಟರಿನ ಮೇಲೆ ತುಳಿದು ಬಂದಿದ್ದಳು. ಅವಳ ಮೈಯಿಂದ ಉಪ್ಪು ತೆಗೆದು ಕಳಿಸಿದವಳು ನಾನು. ಅವಳು ಮುಗಿಸಲಿ ಎಂದೇ ತೆಗೆದಿದ್ದೆ.

ನಮ್ಮ ರಾಶಿಯ ಕಣದಲ್ಲಿ ಒಮ್ಮೆ ಒಬ್ಬಾಕೆ ಹೀಗೇ ಊದಿದ ಮುಖ ಮಾಡಿಕೊಂಡು ಬಿದ್ದಿದ್ದಳು. ದಿನವೆಲ್ಲ ಕೊಡಗಟ್ಟಲೆ ನೀರು ಕುಡಿದವಳು ಅವಳೇ. ಹಿರಿಯಾಕೆ ಒಬ್ಬಳು ನೀರಿನ ತಂಬಿಗೆ ಕಸಿದು ಆಚೆ ಇಟ್ಟು ಅಂಗೈ ಮೇಲೆ ಉಪ್ಪು ಹಾಕಿ ನೆಕ್ಕಿಸಿದ್ದಳು. ಆಗ ನಾನು ಹುಡುಗಿ. ನೋಡಿ ಮರೆತಿದ್ದೆ.

ಚಹಾದ ಅಂಗಡಿಯಾಕೆ ಮಿರ್ಚಿ ಭಜಿಗೆ ಹಿಟ್ಟು ಕಲಸುತ್ತಿದ್ದಳು. ಅವಳ ಉಪ್ಪಿನ ಡಬ್ಬಿಗೆ ಕೈ ಹಾಕಿದೆ.

"ಅಯ್ಯ, ನಿಮ್ಮ ಹರಕಿ!" ಅಂದಳು ಅವಳು. ಓಣಿಯಲ್ಲೆಲ್ಲ ಗೊತ್ತಿತ್ತು.

ಸೊಸೆಯೂ ಬಾಯಿಗೆ ಕೈ ಅಡ್ಡ ಹಿಡಿದಳು. "ಬ್ಯಾಡ್ರಿ ಅತ್ತಿ. ಇನ್ನ ಇದೊಂದ ಸುತ್ತು ಉಳದೈತಿ, ಅದರಾಗೂ ಕಾಲುಭಾಗ ಮುಗದೈತಿ. ಹಿಂಗ ಹೋಗ್ತೇನಿ."

"ಹಿಂಗ ಹೋದ್ರ ಹಾವೇರಿ ಮುಟ್ಟೂದಿಲ್ಲ ನೀ. ನೆಕ್ಕು."

"ದೇವಿ ಏನಂತಾಳ?"

ಇವಳು ಹೀಗೆ ಕೇಳುವುದಿಲ್ಲ ಎಂದು ತಿಳಿಯಿತು. ಮೊದಲು ಆ ಉಪ್ಪು ನನ್ನ ನಾಲಿಗೆಯ ಮೇಲೆ ಹಾಕಿಕೊಂಡೆ. ಎಲ್ಲರೂ ನೋಡುತ್ತಿದ್ದರು. ಎರಡು ವಾರದ ಮೇಲೆ ಉಪ್ಪು ಬಾಯಿಗೆ ಬಿದ್ದರೆ ಉರಿಯುತ್ತದೆ, ಸಿಹಿಯೂ ಅನಿಸುತ್ತದೆ.

"ಮುರೀತು. ದೇವಿ ಏನರ ಅನ್ನೂದಿದ್ರ ನನಗ ಅಂತಾಳ. ಇನ್ನ ನೀ ನೆಕ್ಕು."

ನೆಕ್ಕಿದಳು. ಕಣ್ಣು ಮುಚ್ಚಿ ನೆಕ್ಕಿದಳು, ಕರು ಕೈ ನೆಕ್ಕಿದ ಹಾಗೆ. ಬಾಟಲಿಗಳ ನೀರು ಗಿಡದ ಬುಡಕ್ಕೆ ಸುರಿದೆ. ಮಂಡಕ್ಕಿಗೆ ಉಪ್ಪು, ಲಿಂಬೆಹುಳಿ ಹಾಕಿ ಕೊಟ್ಟೆ. ಗಟ್ಟಿ ಮಜ್ಜಿಗೆಗೆ ಉಪ್ಪು ಹಾಕಿ ಅರ್ಧ ಲೋಟ, ಗುಟುಕು ಗುಟುಕಾಗಿ. ಮಾಸ್ತರರು ತಮ್ಮ ಗುಂಪಿನ ಡಾಕ್ಟರಿಗೆ ಫೋನ್ ಮಾಡಿದರು. ನೀರು ನಿಲ್ಲಿಸಿ, ಉಪ್ಪು ಕೊಡಿ, ಮಾತು ತೊದಲಿದರೆ ಅಥವಾ ವಾಂತಿಯಾದರೆ ಬಿಡಬೇಡಿ, ದವಾಖಾನೆಗೆ ತನ್ನಿ, ನೆಟ್ಟಗಾದರೆ ಮಾತ್ರ ಬಿಡಿ ಅಂದರಂತೆ. ಮಾಸ್ತರರು ಅವಳ ಮುಂದೆ ಕುರ್ಚಿ ಹಾಕಿಕೊಂಡು ಕುಂತು ಅವಳ ಊರ ಹೆಸರು, ವಾರದ ಹೆಸರು ಕೇಳುತ್ತಾ ಹೋದರು. ನಡುವೆ ಗಡಿಯಾರ ನೋಡುತ್ತಿದ್ದರು. ನಾನು ಗಡಿಯಾರ ನೋಡಲಿಲ್ಲ, ಅವಳ ಮುಖ ನೋಡಿದೆ.

ಅರ್ಧ ತಾಸಿನ ಮೇಲೆ ಅವಳು ತಲೆ ಎತ್ತಿ ಎಣ್ಣೆಯ ಬಾಣಲೆ ನೋಡಿದಳು.

"ಆ ಭಜಿ ಯಾರಿಗ್ರಿ?"

ಅಂಗಡಿಯಾಕೆ ಕಿಲಕಿಲ ನಕ್ಕಳು. "ಹುಡುಗಿ ಬದುಕಿತು ನೋಡ್ರಿ ಅವ್ವಾರ."

ಎರಡು ಭಜಿ ತಿಂದಳು. ವಾರದ ಹೆಸರು ಹೇಳಿದಳು. ಬೆಳಿಗ್ಗೆ ನಾನು ಮಾಡಿ ತಂದಿದ್ದ ಸಪ್ಪೆ ಚಪಾತಿ ನನ್ನ ಕೈಗೇ ಕೊಟ್ಟು, "ಇವನ್ನ ನೀವ ತಿನ್ರಿ," ಅಂದಳು. ಅದು ಅವಳ ಸಿಟ್ಟು. ಸಿಟ್ಟು ಬಂದದ್ದು ನೋಡಿ ನನಗೆ ಧೈರ್ಯ ಬಂತು. ಬಾಟಲಿಗೆ ಹೊಸ ನೀರು ತುಂಬಿ, ಚೀಲದ ಪುಡಿ ಹಾಕಿಕೊಂಡು ಹಾವೇರಿಯ ಕಡೆ ಹೋದಳು. ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷ ಇತ್ತು.

ನಾನು ಬಸ್ ಹತ್ತಿ ರಾಣೆಬೆನ್ನೂರಿಗೆ ಹೋದೆ.

ಅಲ್ಲಿ ಒಂದು ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಹತ್ತರಿಂದ ಒಬ್ಬೊಬ್ಬರೇ ಬರತೊಡಗಿದರು. ಅಂಥ ನೋಟ ನಾನು ಹಿಂದೆ ನೋಡಿರಲಿಲ್ಲ. ಕಿರಾಣಿ ಅಂಗಡಿಯವರೊಬ್ಬರು ಒಂದು ಕೈಯಲ್ಲಿ ಸೈಕಲ್ ಹಿಡಿದು ಇನ್ನೊಂದು ಕೈಯಿಂದ ತಮ್ಮ ಗದ್ದ ಎತ್ತಿ ಹಿಡಿದುಕೊಂಡು ಬಂದರು. ಕತ್ತು ತಲೆಯನ್ನು ಹೊರಲು ಒಲ್ಲೆ ಎಂದಿತ್ತಂತೆ. ಕಾಲು ಚೆನ್ನಾಗಿದ್ದವು. ಇನ್ನೊಬ್ಬರಿಗೆ ತಲೆಯ ಮೇಲಿನ ಟೊಪ್ಪಿಗೆಯ ಗುಂಡಿ ಬಿಚ್ಚಲು ಬೆರಳು ಬರಲಿಲ್ಲ, ಹೆಂಡತಿ ಬಿಚ್ಚಿದಳು. ಸೈಕಲ್ ತುಳಿದ ಮಾಸ್ತರರೊಬ್ಬರ ಹೊಟ್ಟೆ ಅರ್ಧ ರಾತ್ರಿಯಿಂದ ಏನನ್ನೂ ಒಳಗೆ ಇಟ್ಟುಕೊಂಡಿರಲಿಲ್ಲ. ಒಬ್ಬ ಗಟ್ಟಿ ಆಳು, ಏನೂ ಆಗಿರದವನು, ಗುತ್ತಲದಲ್ಲಿ ಸೈಕಲ್ ನಿಲ್ಲಿಸಿ, "ಯಾಕ ತುಳೀಬೇಕಪಾ ಇದನ್ನ?" ಎಂದು ತನಗೆ ತಾನೇ ಕೇಳಿಕೊಂಡು ಬಸ್ಸಿನಲ್ಲಿ ಬಂದಿದ್ದ. ಒಂದೇ ದಾರಿ, ಒಂದೇ ಬಿಸಿಲು. ಆದರೆ ದಣಿವು ಒಬ್ಬೊಬ್ಬರ ಮೈಯಲ್ಲಿ ಒಂದೊಂದು ಬಾಗಿಲಿನಿಂದ ಹೊಕ್ಕಿತ್ತು. ಮನುಷ್ಯನ ಮೈಗೆ ಇಷ್ಟು ಬಾಗಿಲು ಇವೆ ಎಂದು ಎಪ್ಪತ್ತು ವರ್ಷ ಅದರೊಳಗೇ ಇದ್ದು ನನಗೆ ಗೊತ್ತಿರಲಿಲ್ಲ.

ಹನ್ನೆರಡಾಯಿತು. ಹನ್ನೆರಡೂವರೆಯಾಯಿತು. ಟಾರು ರಸ್ತೆಯ ಮೇಲೆ ಬಿಸಿಲು ನೀರಿನ ಹಾಗೆ ಆಡುತ್ತಿತ್ತು. ಬಿಟ್ಟುಬಿಡು, ಎಲ್ಲಾದರೂ ನೆರಳಿಗೆ ಕೂಡು ಎಂದು ಒಂದು ಸಲ ಅಂದುಕೊಂಡೆ. ಬಿಟ್ಟರೆ ಸೈಕಲ್ ಮಾರುತ್ತಾಳೆ, ಬಿಡಬೇಡ ಎಂದೂ ಅಂದುಕೊಂಡೆ. ದೇವಿಗೆ ಏನು ಹೇಳುವುದು? ಅವಳಿಗೆ ಕೊಟ್ಟ ಮಾತು ಮುರಿದಿದ್ದೆ.

ಒಂದಕ್ಕೆ ಹನ್ನೊಂದು ನಿಮಿಷ ಇದ್ದಾಗ ರಸ್ತೆಯ ತಿರುವಿನಲ್ಲಿ ಕಂಡಳು.

ತೂರಾಡುತ್ತಾ ಬರುತ್ತಾಳೆ, ಇಳಿದು ನೂಕಿಕೊಂಡು ಬರುತ್ತಾಳೆ ಎಂದು ನಾನು ಕಾದಿದ್ದೆ. ಅವಳು ಎದ್ದು ನಿಂತು ತುಳಿಯುತ್ತಿದ್ದಳು. ಸಂಜೆ ಹೊಸದಾಗಿ ಹೊರಟಾಗ ಕೂಡ ಅಷ್ಟು ಜೋರಿರಲಿಲ್ಲ. ಅಂಗಿಯ ಹೆಗಲ ಮೇಲೆ ತೆಳ್ಳಗೆ ಬಿಳೀ ಗೆರೆ ಮೂಡಿತ್ತು. ಶಾಮಿಯಾನದ ಕೆಳಗೆ ಬಿದ್ದುಕೊಂಡಿದ್ದವರೆಲ್ಲ ಎದ್ದು ಕೂತರು. ನಾನೂ ಎದ್ದು ನಿಂತೆ. ಆ ಬಲವನ್ನು ಎಲ್ಲಿಟ್ಟಿದ್ದಳು ಇವಳು? ಬೆಳಿಗ್ಗೆ ಕೊರಳಲ್ಲಿದ್ದ ಕಾರ್ಡು ಹುಡುಕುತ್ತಿದ್ದವಳು!

ಠಸ್ಸೆ ಬಿತ್ತು. ಆಮೇಲೆ ಸೈಕಲ್ಲಿನಿಂದ ಇಳಿಯಲಾಗಲಿಲ್ಲ. ನಾನೂ ಇನ್ನೊಬ್ಬಾಕೆಯೂ ಹಿಡಿದು, ಒಂದು ಕಾಲನ್ನು ಕೈಯಿಂದ ಎತ್ತಿ ಈಚೆ ಇಟ್ಟೆವು. ಒಂದು ನಿಮಿಷದ ಹಿಂದೆ ಗಾಳಿಯ ಹಾಗೆ ತುಳಿಯುತ್ತಿದ್ದ ಕಾಲು ಅದು. ಕಟ್ಟಿಗೆಯ ಹಾಗಿತ್ತು.

"ಎಲ್ಲಿತ್ತವ್ವಾ ಅಷ್ಟು ಜೋರು?" ಎಂದು ಕೇಳಿದೆ.

"ನನಗೂ ಗೊತ್ತಿಲ್ರಿ. ಗುತ್ತಲ ದಾಟಿದಾಗ ಎಲ್ಲಾ ತೀರಿತು ಅಂದ್ಕೊಂಡಿದ್ದೆ. ಖರೇನ ತೀರಿತ್ತು. ರಾಣೆಬೆನ್ನೂರಿನ ಮನಿ ಕಾಣಾಕತ್ತಿದ್ವು ನೋಡ್ರಿ, ಯಾರೋ ಹೊಸಾ ಕಾಲು ತಂದು ಹಚ್ಚಿದಂಗಾತು."

ನಮ್ಮ ಕಣದಲ್ಲೂ ಹಾಗೇ ಇತ್ತು. ಸಂಜೆಗೆ ತೊಟ್ಟು ಮುರಿಯದ ಕೈಗಳು ರಾಶಿಯ ತಳ ಕಂಡ ಕೂಡಲೇ ಹಾರುತ್ತಿದ್ದವು. ಮನೆಗೆ ಹೋಗುವ ಅವಸರ ಎಂದು ತಿಳಿದಿದ್ದೆ. ಅವಸರ ಇದ್ದರೆ ಸಾಕೇ, ಬಲ ಎಲ್ಲಿಂದ ಬರಬೇಕು? ಮೈ ಎಂಬುದು ಜಿಪುಣ ಮನೆಯೊಡತಿ. ಜೋಳ ಮುಗಿಯಿತು ಎಂದು ಮೂರು ಸಲ ಹೇಳುತ್ತಾಳೆ, ಗಡಿಗೆಯ ತಳದಲ್ಲಿ ಒಂದು ಬೊಗಸೆ ಮುಚ್ಚಿಟ್ಟಿರುತ್ತಾಳೆ. ದಾರಿ ಮುಗಿಯುವುದು ಕಣ್ಣಿಗೆ ಕಾಣುವ ತನಕ ಅದನ್ನು ಯಾರಿಗೂ ಕೊಡುವುದಿಲ್ಲ. ಕೇಳಿದರೂ ಇಲ್ಲ, ಅತ್ತರೂ ಇಲ್ಲ. ಅಷ್ಟು ಜತನ ಮಾಡುವವಳಿಗೂ ಉಪ್ಪು ಇಲ್ಲದಿದ್ದರೆ ಏನೂ ನಡೆಯುವುದಿಲ್ಲ.

ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ತಲೆ ಇಟ್ಟು ಬ್ಯಾಡಗಿಯ ತನಕ ಬಾಯಿ ತೆರೆದು ನಿದ್ದೆ ಮಾಡಿದಳು. ಭಾರ ಇತ್ತು. ಹೆಗಲು ಸೋತಿತು. ಅಲ್ಲಾಡದೆ ಕುಂತೆ.

ಮರುದಿನ ಬೆಳಿಗ್ಗೆ ಅವಳು ಏಳುವ ಮುಂಚೆ ನಾನು ಒಂದು ಕಿಲೋ ಉಪ್ಪಿನ ಪಾಕೀಟು ತೆಗೆದುಕೊಂಡು ಊರ ದೇವಿಯ ಗುಡಿಗೆ ಹೊರಟೆ. ಮಂಡಿ ನೋವೆಂದು ಐದು ವರ್ಷದಿಂದ ಅಲ್ಲಿಗೆ ಆಟೋದಲ್ಲಿ ಹೋಗುತ್ತಿದ್ದವಳು, ಅವತ್ತು ನಡೆದೆ. ದಾರಿಯಲ್ಲಿ ಒಂದು ಸಣ್ಣ ಸೇತುವೆ ಇದೆ. ಅದರ ಕಟ್ಟೆ ಕಂಡ ಕೂಡಲೇ ಮಂಡಿ ಕೂಡು ಅಂದಿತು. ನಿನ್ನ ತಳದಲ್ಲಿ ಎಷ್ಟಿದೆ ನೋಡೋಣ ಎಂದು ಕೂಡದೆ ದಾಟಿದೆ. ಗುಡಿ ಮುಟ್ಟಿದೆ. ಉಪ್ಪನ್ನು ಹೊಸ್ತಿಲ ಮುಂದೆ ಸುರಿದು, "ಹರಕಿ ಮುರದದ್ದು ನಾನು, ಆಕಿ ಅಲ್ಲ," ಎಂದು ಹೇಳಿದೆ. ತಿರುಗಿ ನಡೆದುಕೊಂಡೇ ಬಂದು, ಬೇಳೆಗೆ ನೀರಿಟ್ಟು, ಕುದಿ ಬಂದ ಮೇಲೆ ಉಪ್ಪು ಹಾಕಿದೆ.